ಹೊಂದಿಕೆ

ಕಂಬ ಬಿಡಬೇಡಿ, ಏನೇ ಆದರೂ ಬಿಡಬೇಡಿ ಎಂದು ಹೇಳಿ ಪೀಟಿ ಮೇಷ್ಟ್ರು ಆಚೆ ಮೂಲೆಗೆ ಓಡಿದ್ದರು. ಅವಳು ಬಿಟ್ಟಿರಲಿಲ್ಲ. ಆಸ್ಪತ್ರೆಯ ಗೇಟಿನ ಎದುರಿನ ಫುಟ್‌ಪಾತು ಕಾಂಕ್ರೀಟಿನದು, ಗೂಟ ಹೊಡೆಯುವ ಹಾಗಿರಲಿಲ್ಲ. ಡೇರೆಯ ಕಂಬಗಳ ಬುಡಕ್ಕೆ ಇಟ್ಟಿಗೆ ಒಟ್ಟಿ ಹಗ್ಗ ಬಿಗಿದಿದ್ದರು. ಬೆಳಿಗ್ಗೆ ಅಷ್ಟು ಸಾಕಾಗಿತ್ತು. ಆಮೇಲೆ ಗಾಳಿ ದಿಕ್ಕು ಬದಲಿಸಿ ಮಳೆಯನ್ನು ಅಡ್ಡಡ್ಡ ಹೊಡೆಯತೊಡಗಿತು. ಟಾರ್ಪಾಲು ಉಸಿರೆಳೆದುಕೊಂಡಂತೆ ಉಬ್ಬುವುದು, ಕಂಬ ಇಟ್ಟಿಗೆ ಕೊಡವಿಕೊಂಡು ಗೇಣುದ್ದ ಮೇಲೇಳುವುದು, ಮತ್ತೆ ಧಪ್ಪೆಂದು ಕೂರುವುದು. ಅದು ಏಳುವಾಗ ಅವಳೂ ತುದಿಗಾಲಲ್ಲಿ ಏಳಬೇಕು, ಕೂರುವಾಗ ಪಾದ ಹಿಂದಕ್ಕೆ ಎಳೆದುಕೊಳ್ಳಬೇಕು. ಒಮ್ಮೆ ಎಳೆದುಕೊಳ್ಳುವುದು ತಡವಾಗಿ ಹೆಬ್ಬೆರಳು ಜಜ್ಜಿಹೋಯಿತು. ನೋವಾಯಿತು ಎಂದು ಹೇಳಿಕೊಳ್ಳಲು ಸುತ್ತ ನೋಡಿದಳು. ಡೇರೆಯೊಳಗೆ ಕಂಬಳಿ ಹೊದ್ದು ಕೂತವರೆಲ್ಲ ರೋಗಿಗಳು. ಅವರೆದುರು ಹೆಬ್ಬೆರಳಿನ ಮಾತೆತ್ತುವುದು ಹೇಗೆ? ಸುಮ್ಮನೆ ಹಲ್ಲು ಕಚ್ಚಿ ಹಿಡಿದುಕೊಂಡಳು. ನೋವಾದದ್ದು ಒಂದು ಬಗೆಯಲ್ಲಿ ಒಳ್ಳೆಯದೇ ಆಯಿತು ಎಂದೂ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಶವಾಗಾರಕ್ಕೂ ನಡುವೆ ಇದ್ದ ಡಯಾಲಿಸಿಸ್ ವಾರ್ಡನ್ನು ಮುಚ್ಚುತ್ತಾರೆಂಬ ಸುದ್ದಿ ಮೊದಲು ದಾದಿಯರ ಬಾಯಲ್ಲಿ ಬಂತು, ಆಮೇಲೆ ಬಾಗಿಲ ಮೇಲೆ ಅಂಟಿತು. ಯಂತ್ರಗಳನ್ನೆಲ್ಲ ಪಕ್ಕದ ದೊಡ್ಡ ಊರಿನ ಆಸ್ಪತ್ರೆಗೆ ಸಾಗಿಸುವುದಂತೆ. ಬಸ್ಸಿನಲ್ಲಿ ಅರ್ಧ ದಿನದ ದಾರಿ. ವಾರಕ್ಕೆ ಮೂರು ಸಲ ರಕ್ತವನ್ನೆಲ್ಲ ಮೈಯಿಂದ ಹೊರಗೆ ತೆಗೆದು, ತೊಳೆದು, ಮತ್ತೆ ಒಳಗೆ ಬಿಡಿಸಿಕೊಳ್ಳುವವರು, ಆದಮೇಲೆ ಗೋಡೆ ಹಿಡಿದು ನಡೆಯುವವರು, ಆ ಬಸ್ಸಿನಲ್ಲಿ ಹೋಗಿ ಬರಬೇಕು. ಅದಕ್ಕೇ ಈ ಧರಣಿಯ ಡೇರೆ. ರಿಟೈರಾದ ಮೇಲೆ ಮಾಡಲು ಕೆಲಸವಿಲ್ಲದೆ ಬೀದಿಯ ಎಲ್ಲ ಜಗಳಗಳಿಗೂ ಸೀಟಿ ಊದುತ್ತಿದ್ದ ಪೀಟಿ ಮೇಷ್ಟ್ರು ಇದನ್ನೂ ಕೈಗೆತ್ತಿಕೊಂಡರು. ಯಾರೂ ಅವರನ್ನು ಬೇಡವೆನ್ನಲಿಲ್ಲ. ಬೇರೆ ಯಾರೂ ಇರಲಿಲ್ಲ. ರೋಗಿಗಳಲ್ಲಿ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವಳು ದರ್ಜಿಯಮ್ಮ. ಗಂಡ, ಮಕ್ಕಳು, ಒಡಹುಟ್ಟು ಯಾರೂ ಇಲ್ಲದೆ, ತನ್ನ ಅಂಗಡಿಯ ಅಟ್ಟದ ಮೇಲೇ ಮಲಗುವವಳು. ನನ್ನದು ಎರಡು ಮಿಷಿನ್ನಿನ ಬದುಕು ಕಣ್ರೀ, ಒಂದನ್ನ ನಾನು ತುಳೀತೀನಿ, ಇನ್ನೊಂದು ನನ್ನ ತುಳಿಯುತ್ತೆ ಎಂದು ಅವಳು ಹೊಸಬರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಈಗ ಅವಳು ಮಂಡಿಯ ಮೇಲೆ ಪ್ಲಾಸ್ಟಿಕ್ಕಿನ ಹಾಳೆ ಹಾಸಿಕೊಂಡು ಯಾರದೋ ಹರಿದ ರೇನ್‌ಕೋಟಿಗೆ ಹೊಲಿಗೆ ಹಾಕುತ್ತಿದ್ದಳು. ದರ್ಜಿಯಮ್ಮನ ಪಕ್ಕದ ಕುರ್ಚಿಯಲ್ಲಿ ತಮ್ಮ. ಕಿವಿ ಮುಚ್ಚುವ ಟೋಪಿ, ಅದರ ಕೆಳಗೆ ಮಣ್ಣಿನ ಬಣ್ಣಕ್ಕೆ ತಿರುಗಿದ ಮುಖ, ಗಾಜು ಕೊಯ್ದು ಕೊಯ್ದು ಗೀರು ಬಿದ್ದ ಬೆರಳುಗಳು. ಪಟಗಳಿಗೆ ಕಟ್ಟು ಹಾಕುವ ಅಂಗಡಿ ಅವನದು. ಅವನು ಕಂಬ ಹಿಡಿದು ನಿಂತ ಅಕ್ಕನ ಕಡೆ ನೋಡಿ ಹುಬ್ಬೇರಿಸಿದ, ಹೇಗಿದೆ ಹವಾ ಎಂಬಂತೆ. ಅವಳು ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದಳು. ಅಷ್ಟರಲ್ಲಿ ಕಂಬ ಎದ್ದಿತು.

ಇಲ್ಲಿ ಅವಳಿಗೆ ರೈಲಕ್ಕ ಎಂದು ಹೆಸರು. ಸ್ಟೇಶನ್ನಿನಲ್ಲಿ ರೈಲುಗಳು ಬರುವುದು ಹೋಗುವುದನ್ನು ಸಾರುವುದು ಅವಳ ನೌಕರಿ. ಮೆಟ್ಟಿಲ ಕೆಳಗಿನ ಗಾಜಿನ ಗೂಡಿನಲ್ಲಿ ಕೂತು, ತಾನು ನೋಡದ ರೈಲುಗಳಿಗಾಗಿ, ತನ್ನನ್ನು ನೋಡದ ಜನರ ಕ್ಷಮೆ ಕೇಳುತ್ತ ಅವಳ ತಲೆಯ ಅರ್ಧ ಕೂದಲು ಬೆಳ್ಳಗಾಗಿತ್ತು. ತಡವಾಗಿ ಬರುತ್ತಿದೆ, ಆಗಿರುವ ತೊಂದರೆಗೆ ವಿಷಾದಿಸುತ್ತೇವೆ. ಎಷ್ಟು ಸಲ ವಿಷಾದಿಸಿದ್ದಳೋ ಲೆಕ್ಕವಿಲ್ಲ. ಆ ದನಿಯಲ್ಲಿ ಏರಿಲ್ಲ, ಇಳಿವಿಲ್ಲ. ಅದು ಬಾಯಿಂದ ಬರುವಾಗ ಅವಳು ಒಳಗೆ ಬೇರೇನನ್ನೋ ಯೋಚಿಸುತ್ತಿರಬಹುದು. ಪೀಟಿ ಮೇಷ್ಟ್ರಿಗೆ ಆ ದನಿಯ ಮೇಲೆ ಕಣ್ಣು. ಮೈಕಿನಲ್ಲಿ ನಾಲ್ಕು ಮಾತಾಡಿ, ನೀವು ಆಡಿದ್ರೆ ಜನ ನಿಂತು ಕೇಳ್ತಾರೆ ಎಂದು ಮೊದಲ ದಿನದಿಂದಲೂ ಬೆನ್ನು ಬಿದ್ದಿದ್ದರು. ಅವಳು ಬೇರೆ ಯಾವ ಕೆಲಸವನ್ನಾದರೂ ಕೊಡಿ ಎಂದಳು. ಕೊಟ್ಟರು. ಕುರ್ಚಿ ಹೊತ್ತಳು, ನೀರು ತಂದಳು, ಬ್ಯಾನರು ಕಟ್ಟಿದಳು, ದಾರಿಹೋಕರಿಗೆ ಕೈ ಮುಗಿದು ಎರಡು ನಿಮಿಷ ನಿಲ್ಲಿ ಎಂದು ಬೇಡಿದಳು. ಪಾಳಿ ಮುಗಿದ ಮೇಲೆ ಮನೆಗೆ ಹೋಗದೆ ನೇರ ಇಲ್ಲಿಗೇ ಬಂದಳು, ರಜೆಯಿದ್ದ ದಿನವೂ ಬಂದಳು. ಅಕ್ಕ ಅಂದ್ರೆ ಹೀಗಿರಬೇಕು ನೋಡಿ ಎಂದು ಜನ ಅವಳೆದುರೇ ಆಡಿಕೊಳ್ಳುವರು. ನಿನ್ನೆ ಮುದುಕರೊಬ್ಬರು ತಮ್ಮ ಮೊಮ್ಮಗಳನ್ನು ಅವಳ ಮುಂದೆ ನಿಲ್ಲಿಸಿ, ಇವರಿಗೆ ನಮಸ್ಕಾರ ಮಾಡು ಎಂದರು. ಮಗು ಕೈ ಜೋಡಿಸಿತು. ಅವಳು ಆ ಮಗುವಿನ ಕೈಗಳನ್ನು ಬಿಡಿಸಿ, ಹಾಗೆಲ್ಲ ಮಾಡಬಾರದು ಪುಟ್ಟಿ ಎನ್ನುವಾಗ ದನಿ ಒಡೆಯಿತು. ಮುದುಕರು ಅದನ್ನೂ ಅವಳ ದೊಡ್ಡ ಗುಣಕ್ಕೇ ಸೇರಿಸಿಕೊಂಡರು.

ಡಾಕ್ಟರಮ್ಮನ ಕೋಣೆಯ ಕಿಟಕಿಗೆ ಹಸಿರು ಪರದೆ. ಅದು ಅಲುಗಾಡಿದಾಗಲೆಲ್ಲ ಮೇಜಿನ ಮೇಲೆ ಹಸಿರು ಬೆಳಕು ಹರಿದಾಡುತ್ತಿತ್ತು. ಡೇರೆಗೂ ಮುಂಚೆ, ಟೆಸ್ಟಿನ ಫಲಿತಾಂಶ ಬಂದ ದಿನ, ತಮ್ಮನನ್ನೂ ಅವನ ಹೆಂಡತಿಯನ್ನೂ ಹೊರಗೆ ಕೂರಲು ಹೇಳಿ ಡಾಕ್ಟರಮ್ಮ ಬಾಗಿಲು ಹಾಕಿದ್ದರು. ನಿಮ್ಮ ಕಿಡ್ನಿ ಹೊಂದುತ್ತೆ, ತುಂಬಾ ಚೆನ್ನಾಗಿ ಹೊಂದುತ್ತೆ ಎಂದರು. ಹೆಣ್ಣು ಗಂಡಿನ ಜಾತಕ ನೋಡಿ ಹೇಳುವವರ ಹಾಗೆ ಇದೆ ಎಂದುಕೊಂಡು ಅವಳಿಗೆ ನಗು ಬಂದಿತ್ತು. ಅವಳ ಮಟ್ಟಿಗೆ ಯಾರೂ ಯಾವತ್ತೂ ಹೊಂದುತ್ತದೆ ಎಂದು ಹೇಳಿದ್ದಿಲ್ಲ. ಆ ನಗು ಅರ್ಧದಲ್ಲೇ ನಿಂತಿತು. ಡಾಕ್ಟರಮ್ಮ ಅದನ್ನು ನೋಡಿದರು. ಎಷ್ಟೋ ಜನರನ್ನು ಆ ಕುರ್ಚಿಯಲ್ಲಿ ನೋಡಿದ್ದ ಕಣ್ಣು.

“ನಿಮಗೆ ಮನಸ್ಸಿಲ್ಲ ಅಂದ್ರೆ ನನಗೆ ಹೇಳಿ. ಕಾರಣ ಕೇಳಲ್ಲ. ಹೊಂದಲಿಲ್ಲ ಅಂತಷ್ಟೇ ನಾನೇ ಅವರಿಗೆ ಹೇಳ್ತೀನಿ. ಇದು ಎಲ್ಲರಿಗೂ ನಾವು ಮಾಡೋದೇ.”

ಅವಳು ಪರದೆ ನೋಡಿದಳು. ಹಾಗೇ ಹೇಳಿಬಿಡಿ ಎಂದಳು.

ಅಷ್ಟೇ. ಕಷ್ಟಪಟ್ಟು ಒಂದು ಸುಳ್ಳನ್ನು ಕಟ್ಟಬೇಕಾಗಿ ಬಂದಿದ್ದರೆ ಅವಳಿಂದ ಆಗುತ್ತಿರಲಿಲ್ಲವೇನೋ. ಬಾಗಿಲು ತೆಗೆದು ಹಿಡಿದಿದ್ದರು, ದಾಟಿಬಿಟ್ಟಳು. ಹೊರಗೆ ತಮ್ಮ ಅವಳ ಹೆಗಲು ತಟ್ಟಿ, ಹೋಗ್ಲಿ ಬಿಡಕ್ಕಾ, ನಿನ್ನ ತಪ್ಪಾ ಅದು ಎಂದ. ಅವನ ಹೆಂಡತಿ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಯಾಕೆ ಹಾಗೆಂದೆ ಎಂದು ಅವಳು ತನ್ನನ್ನೇ ಕೇಳಿಕೊಂಡದ್ದು ಆಮೇಲೆ, ಗಾಜಿನ ಗೂಡಿನಲ್ಲಿ, ಎರಡು ರೈಲುಗಳ ನಡುವೆ. ಕತ್ತಿಯ ಭಯವೆಂದು ಮೊದಲು ಉತ್ತರ ಬಂತು. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಅಮ್ಮ ಹೋದಾಗ ಅವನಿನ್ನೂ ಹಾಸಿಗೆ ಒದ್ದೆ ಮಾಡುವವನು. ಅವನ ಶಾಲೆ, ಅವನ ಟೈಫಾಯಿಡ್ಡು, ಅವನ ಅಂಗಡಿ, ಅವನ ಮದುವೆ. ಮದುವೆಯಾದ ಮೇಲೆ ಕಿಟಕಿಯಿದ್ದ ಕೋಣೆಯನ್ನು ಅವರಿಗೆ ಬಿಟ್ಟು ಅವಳು ನಡುಮನೆಗೆ ಬಂದಳು. ಬಿಟ್ಟೆನೆಂಬ ಭಾವನೆಯೂ ಇರಲಿಲ್ಲ. ಕೈ ಚಾಚಿದವನು ಅವನು, ಕೈಯಲ್ಲಿ ಇದ್ದದ್ದು ಇವಳದು, ಕೊಡುವುದು ಉಸಿರಾಡಿದ ಹಾಗೆ. ಆದರೆ ಅವತ್ತು ಆ ಹಸಿರು ಬೆಳಕಿನಲ್ಲಿ ಹೊಟ್ಟೆಯ ಒಳಗೆಲ್ಲೋ, ಅವಳು ಕಂಡೇ ಇರದ ಕತ್ತಲೆಯ ಒಂದು ಜಾಗದಲ್ಲಿ, ಯಾವುದೋ ಹಟದ ಮಗು ಎರಡೂ ಕೈಯಲ್ಲಿ ಏನನ್ನೋ ಅವುಚಿಕೊಂಡು ಇದು ನನ್ನದು ಎಂದಿತು. ಅದರ ಮುಖ ಅವಳಿಗೆ ಗುರುತೇ ಸಿಗಲಿಲ್ಲ. ಇಷ್ಟು ವರ್ಷ ಎಲ್ಲಿತ್ತು ಅದು? ಬೈದಳು, ರಮಿಸಿದಳು, ಬಿಡು ಎಂದಳು. ಬಿಡಲಿಲ್ಲ. ಮೂರನೆಯ ಪ್ಲಾಟ್‌ಫಾರಮ್ಮಿಗೆ ಗಾಡಿ ಬರುವ ಹೊತ್ತಾಯಿತೆಂದು ಕೆಂಪು ದೀಪ ಹತ್ತಿತು. ವಿಷಾದಿಸುತ್ತೇವೆ ಎಂದಳು.

ಗಾಳಿ ಒಮ್ಮೆಲೆ ಜೋರಾಗಿ ಆಚೆ ಮೂಲೆಯ ಹಗ್ಗ ಕಿತ್ತಿತು. ಟಾರ್ಪಾಲಿನ ಒಂದು ಅಂಚು ಹಕ್ಕಿಯ ಹಾಗೆ ಪಟಪಟ ಬಡಿದುಕೊಂಡು, ಅದರ ಮೇಲೆ ತುಂಬಿ ನಿಂತಿದ್ದ ನೀರೆಲ್ಲ ಒಳಗಿದ್ದವರ ಮೇಲೆ ಸುರಿಯಿತು. ಯಾರೋ ಕುರ್ಚಿ ಸಮೇತ ಹಿಂದಕ್ಕೆ ಬಿದ್ದರು. ಪೀಟಿ ಮೇಷ್ಟ್ರು ಸೀಟಿ ಊದಿದರು. ಅದಕ್ಕೆ ಏನು ಅರ್ಥವೆಂದು ಅವರಿಗೂ ಗೊತ್ತಿರಲಿಲ್ಲ. ಕಂಬ ಬಿಟ್ಟು ಓಡಿಹೋಗಿ ತಮ್ಮನ ತಲೆ ಒರೆಸಬೇಕೆಂದು ಅವಳ ಮೈಯೆಲ್ಲ ಆ ಕಡೆ ಎಳೆಯಿತು. ಬಿಟ್ಟರೆ ಈ ಮೂಲೆಯೂ ಹೋಗುತ್ತದೆ. ನಿಂತಲ್ಲೇ ನಿಂತು, ದರ್ಜಿಯಮ್ಮ ತನ್ನ ಕಂಬಳಿಯ ಒಣ ಭಾಗ ಹುಡುಕಿ ಅವನ ಕತ್ತು ಒರೆಸುವುದನ್ನು ನೋಡಿದಳು. ಆಗಲೇ ಒಂದು ಬಿಳಿ ಕೋಟು ಮಳೆಯಲ್ಲಿ ಗೇಟು ದಾಟಿ ಓಡಿಬಂತು. ಡಾಕ್ಟರಮ್ಮ. ಛತ್ರಿ ಅವರ ಕೈಯಲ್ಲಿ ತಿರುವುಮುರುವಾಗಿ ಅಸ್ಥಿಪಂಜರವಾಗಿತ್ತು. ಅದನ್ನು ಅತ್ತ ಎಸೆದು, ಅವಳ ಪಕ್ಕ ಬಂದು ಅದೇ ಕಂಬವನ್ನು, ಅವಳ ಕೈಗಳ ಕೆಳಗೆ, ತಮ್ಮ ಎರಡೂ ಕೈಗಳಿಂದ ಹಿಡಿದುಕೊಂಡರು.

ಊರಿನಲ್ಲಿ ಇಷ್ಟು ಜನರಿದ್ದಾರೆ. ಡೇರೆಗೆ ಬೇರೆ ಕಂಬಗಳೂ ಇದ್ದವು. ನೀವು ಹೋಗಿ ಕೂತ್ಕೊಳ್ಳಿ, ನಾನು ಹಿಡೀತೀನಿ ಎಂದರು ಡಾಕ್ಟರಮ್ಮ. ಬೇಡ ಎಂದಳು. ಕೈ ನೀಲಿಗಟ್ಟಿದೆ ಎಂದರು. ಪರವಾಗಿಲ್ಲ ಎಂದಳು. ಇಬ್ಬರೂ ಒಂದೇ ಸಲ ತುದಿಗಾಲಲ್ಲಿ ಎದ್ದರು, ಒಂದೇ ಸಲ ಇಳಿದರು. ಅವರ ಕೂದಲಿನಿಂದ ಆಸ್ಪತ್ರೆಯ ಸೋಪಿನ ವಾಸನೆ ಬರುತ್ತಿತ್ತು. ಅವರ ಮುಖದಲ್ಲಿ ತಿರಸ್ಕಾರ ಇರಬಹುದೆಂದು ಹುಡುಕಿದಳು, ಇರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವರಿಗೆ ಇದು ಮರೆತೇ ಹೋಗಿದೆಯೇ? ದಿನಕ್ಕೆಷ್ಟು ಜನರ ಇಂಥವು ಅವರ ಕಿವಿಗೆ ಬೀಳುತ್ತವೋ. ಮರೆತಿರಲಿ ದೇವರೇ ಎಂದುಕೊಂಡಳು, ಮರುಕ್ಷಣವೇ ಅವರು ಮರೆತಿದ್ದರೆ ಇದನ್ನು ಬಲ್ಲವಳು ಲೋಕದಲ್ಲಿ ತಾನೊಬ್ಬಳೇ ಉಳಿದೆನೆಂದು ಕಂಗಾಲಾದಳು.

ತಮ್ಮನ ಹೆಂಡತಿ ಮಧ್ಯಾಹ್ನದ ಬಿಡುವಿನಲ್ಲಿ ಅಂಚೆ ಕಚೇರಿಯಿಂದ ಬಂದಳು, ಫ್ಲಾಸ್ಕು ಹಿಡಿದು, ಸೊಂಟದವರೆಗೆ ತೊಯ್ದು. ಮೊದಲು ಗಂಡನ ಟೋಪಿ ಬಿಚ್ಚಿ ಹಿಂಡಿದಳು, ಆಮೇಲೆ ಕಂಬದ ಬಳಿ ಬಂದು ಮುಚ್ಚಳದಲ್ಲಿ ಬಿಸಿ ಹಾಲು ಬಗ್ಗಿಸಿ, ಕೈ ಬಿಡೋ ಹಾಗಿಲ್ವಲ್ಲ ಅತ್ತಿಗೆ ಎನ್ನುತ್ತ ತಾನೇ ಅವಳ ಬಾಯಿಗೆ ಹಿಡಿದಳು. ಅವಳು ಮಗುವಿನಂತೆ ಕುಡಿದಳು. ಹಾಲು ಗಲ್ಲದ ಮೇಲೆ ಸುರಿದದ್ದನ್ನು ತಮ್ಮನ ಹೆಂಡತಿ ಸೆರಗಿನಿಂದ ಒರೆಸಿ, ಆ ಸೆರಗನ್ನು ಹಾಗೇ ಕೈಯಲ್ಲಿ ಹಿಡಿದು ಡಾಕ್ಟರಮ್ಮನ ಕಡೆ ತಿರುಗಿದಳು. ಬಹಳ ದಿನದಿಂದ ಕೇಳಬೇಕೆಂದು ಇಟ್ಟುಕೊಂಡದ್ದು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

“ಮೇಡಂ, ಅತ್ತಿಗೇದು ಇನ್ನೊಂದ್ಸಲ ಟೆಸ್ಟ್ ಮಾಡಿದ್ರೆ? ಒಂದೊಂದ್ಸಲ ತಪ್ಪಾಗಿ ಬರುತ್ತಂತಲ್ಲ. ನಂದಂತೂ ರಕ್ತಾನೇ ಬೇರೆ. ಅತ್ತಿಗೆ ಒಬ್ಬರೇ ಇದ್ದದ್ದು.”

ಮಳೆ ಟಾರ್ಪಾಲಿನ ಮೇಲೆ ಹುರಿಗಡಲೆ ಸುರಿದಂತೆ ಸದ್ದು ಮಾಡುತ್ತಿತ್ತು. ಅವಳು ಕಂಬಕ್ಕೆ ಹಣೆಯಾನಿಸಿದಳು. ಡಾಕ್ಟರಮ್ಮ ಅವಳನ್ನು ನೋಡಲಿಲ್ಲ. ಮತ್ತೆ ಮಾಡಿದ್ರೂ ಅದೇ ಬರುತ್ತಮ್ಮ, ಬದಲಾಗಲ್ಲ ಎಂದರು. ಸುಳ್ಳಿನ ಒಂದು ಎಳೆಯೂ ಇಲ್ಲದ ಮಾತು. ಮರೆತಿರಲಿಲ್ಲ, ಹಾಗಾದರೆ. ತಮ್ಮನ ಹೆಂಡತಿ ಸರಿ ಎಂದು ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿದಳು, ಮುಚ್ಚಿದ ಮೇಲೂ ತಿರುಗಿಸುತ್ತಲೇ ಇದ್ದಳು. ನಾನು ಮಾಡಿಸ್ಕೋತೀನಿ, ಇನ್ನೊಂದ್ಸಲ ಮಾಡಿ ಎಂದು ಆಗ ಅವಳು ಹೇಳಬಹುದಿತ್ತು. ಎಷ್ಟು ಸುಲಭವಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ, ಮೊದಲನೆಯದು ತಪ್ಪಾಗಿತ್ತು ಎನ್ನುತ್ತಿದ್ದರು, ಅಷ್ಟೇ. ಮಾತು ಗಂಟಲಿನವರೆಗೆ ಬಂದದ್ದು ಸುಳ್ಳಲ್ಲ. ಕಂಬ ಎದ್ದಿತು. ಹಿಡಿದುಕೊಂಡಳು. ಹಿಡಿದು ಮುಗಿಯುವಷ್ಟರಲ್ಲಿ ತಮ್ಮನ ಹೆಂಡತಿ ಡೇರೆಯೊಳಕ್ಕೆ ಹೋಗಿಯಾಗಿತ್ತು.

ಆರೋಗ್ಯ ಇಲಾಖೆಯ ಅಧಿಕಾರಿಯ ಕಾರು ಬಂದದ್ದು ಯಾರೂ ಎದುರುನೋಡದಾಗ. ಗೇಟಿನ ಬಳಿಯ ಹೊಂಡದ ಕೆಸರನ್ನು ಎಲ್ಲರ ಮೇಲೆ ಹಾರಿಸಿಕೊಂಡು ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಜವಾನನೊಬ್ಬ ಬಂದು, ಒಬ್ಬ ರೋಗಿ, ಒಬ್ಬರು ಮನೆಯವರು, ಇಬ್ಬರೇ ಬರಬೇಕಂತೆ ಎಂದ. ಡಾಕ್ಟರಮ್ಮನನ್ನೂ ಕರೆದಿದ್ದರು. ಪೀಟಿ ಮೇಷ್ಟ್ರು ತಾವೇ ಹೊರಟವರು ತಮ್ಮನ್ನು ಕರೆದಿಲ್ಲವೆಂದು ತಿಳಿದು ಮುಖ ಸಣ್ಣ ಮಾಡಿಕೊಂಡು, ಆಮೇಲೆ ಸುಧಾರಿಸಿಕೊಂಡು, ರೈಲಕ್ಕ, ಅವರ ತಮ್ಮ ಹೋಗ್ಲಿ ಎಂದರು. ಎಲ್ಲರೂ ಅದೇ ಸರಿ ಎಂದರು. ಅವಳ ಕೈಯಿಂದ ಕಂಬವನ್ನು ಯಾರೋ ಬಿಡಿಸಿಕೊಂಡರು. ಬೆರಳುಗಳು ಮಡಿಸಿದ ಹಾಗೇ ಉಳಿದವು.

ಒಳಗೆ ಹೀಟರು ಉರಿಯುತ್ತಿತ್ತು. ಬೆಚ್ಚಗಾದೊಡನೆ ಮೈಯಿಂದ ಆವಿಯೂ ಒದ್ದೆ ಉಣ್ಣೆಯ ವಾಸನೆಯೂ ಏಳತೊಡಗಿ ಅವಳಿಗೆ ನಾಚಿಕೆಯಾಯಿತು. ಕುರ್ಚಿಯ ಮೆತ್ತೆ ನೆನೆಯುತ್ತದೆಂದು ಅಂಚಿನಲ್ಲಿ ಕೂತಳು. ಅಧಿಕಾರಿ ಕೆಟ್ಟ ಮನುಷ್ಯನಾಗಿರಲಿಲ್ಲ. ನೆಗಡಿಯಾಗಿತ್ತು ಅವರಿಗೆ, ಪದೇಪದೇ ಕ್ಷಮಿಸಿ ಎಂದು ಮೂಗು ಒರೆಸಿಕೊಳ್ಳುವರು. ಚಹಾ ತರಿಸಿದರು. ತಮ್ಮ ತನ್ನ ಕಪ್ಪನ್ನು ಅವಳ ಮುಂದೆ ಸರಿಸಿದ. ದಿನಕ್ಕೆ ಒಂದೆರಡು ಲೋಟಕ್ಕಿಂತ ಹೆಚ್ಚು ನೀರು ಅವನ ಮೈ ತಡೆಯದು, ಇವತ್ತಿನ ಪಾಲು ಮುಗಿದಿತ್ತು. ಸರಿಸಿದ ಮೇಲೂ ಕಪ್ಪಿನ ಹಬೆಯ ಮೇಲೆ ಅವನ ಕಣ್ಣು ಒಂದು ಗಳಿಗೆ ನಿಂತಿತ್ತು. ಅಧಿಕಾರಿ ಸುತ್ತು ಬಳಸದೆ ಹೇಳಿದರು. ವಾರ್ಡು ಹೋಗುವುದು ಹೋಗುವುದೇ, ಅದು ಮೇಲಿನವರ ತೀರ್ಮಾನ, ನಾನು ಬರೀ ಟಪಾಲು. ಆದರೆ ಈ ಮಳೆ ಚಳಿಯಲ್ಲಿ ನೀವೆಲ್ಲ ಕೂತದ್ದನ್ನು ನೋಡಿ ಮೇಲಿನವರನ್ನು ಹೇಗೋ ಒಪ್ಪಿಸಿ ಒಂದು ಯಂತ್ರವನ್ನು ಇಲ್ಲೇ ಉಳಿಸಿಕೊಂಡಿದ್ದೇನೆ. ಅದರಲ್ಲಿ ಕೆಲವೇ ಜನರಿಗೆ ಆಗುತ್ತದೆ. ಮನೆಯಲ್ಲಿ ಕಿಡ್ನಿ ಕೊಡುವವರು ಇದ್ದವರು ಇವತ್ತಲ್ಲ ನಾಳೆ ಆಪರೇಷನ್ ಮಾಡಿಸಿಕೊಳ್ಳುತ್ತಾರೆ, ಅಲ್ಲಿಯವರೆಗೆ ಬಸ್ಸು ಹತ್ತಲಿ; ಯಾರೂ ಇಲ್ಲದವರಿಗೆ ಇಲ್ಲಿ ಜಾಗ. ಡಾಕ್ಟರು ಹೆಸರು ಹೇಳಿದ್ದಾರೆ. ಉಳಿದಿರುವುದು ಒಬ್ಬರ ಜಾಗ. ಇವರೋ, ಆ ಹೊಲಿಗೆಯ ಹೆಂಗಸೋ. ಇವರಿಗೆ ಇನ್ನೂ ವಯಸ್ಸಿದೆ, ಸಂಸಾರವಿದೆ, ಅದನ್ನೂ ನೋಡಬೇಕಾಗುತ್ತೆ ಎಂದು ಮೂಗು ಒರೆಸಿ, ಅವಳ ಕಡೆ ತಿರುಗಿದರು.

“ಮನೇಲಿ ಕೊಡೋರು ಯಾರೂ ಇಲ್ವಾ?”

ಡಾಕ್ಟರಮ್ಮ ಕಿಟಕಿಯ ಬಳಿ ನಿಂತಿದ್ದವರು ಹೊರಗೆ ನೋಡತೊಡಗಿದರು. ಇಲ್ಲಿಯವರೆಗೆ ಆ ಮಾತನ್ನು ಅವಳು ತನ್ನ ಬಾಯಿಂದ ಒಮ್ಮೆಯೂ ಆಡಿರಲಿಲ್ಲ. ಬೇರೆಯವರು ಆಡಿದ್ದಕ್ಕೆ ತಲೆ ತಗ್ಗಿಸಿದ್ದಳು, ಅಷ್ಟೇ. ಅದೇ ಅವಳಿಗಿದ್ದ ಒಂದು ಸಣ್ಣ ಆಸರೆ. ಈಗ ಇಲ್ಲ ಎಂದರೆ ತಮ್ಮನಿಗೆ ಯಂತ್ರ ಸಿಗುತ್ತದೆ. ದರ್ಜಿಯಮ್ಮ ಒಬ್ಬಳೇ ಆ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಹೋಗುತ್ತಾಳೆ, ಎಷ್ಟು ದಿನವೋ. ಇದ್ದಾರೆ ಎಂದರೆ, ಯಾರು ಎನ್ನುತ್ತಾರೆ. ಎರಡಕ್ಕೂ ನಡುವೆ ಕಾಲೂರಲು ಬೆರಳಗಲ ಜಾಗವಿರಲಿಲ್ಲ.

“ಇಲ್ಲ ಸರ್. ಟೆಸ್ಟ್ ಮಾಡಿಸಿದ್ವಿ. ನನ್ನದು ಹೊಂದಲಿಲ್ಲ.”

ಏರಿಲ್ಲದೆ ಇಳಿವಿಲ್ಲದೆ ಬಂತು. ಗಾಜಿನ ಗೂಡಿನ ದನಿ. ಆ ಕೋಣೆಯಲ್ಲಿ ಅದು ಎಷ್ಟು ಚೆನ್ನಾಗಿ ಕೇಳಿಸಿತೆಂದರೆ ಅವಳಿಗೇ ನಂಬಿಕೆ ಬರುವ ಹಾಗಿತ್ತು. ಅಧಿಕಾರಿ ತಲೆಯಾಡಿಸಿ, ಹಾಗಿದ್ರೆ ಎಂದು ಏನೋ ಹೇಳಹೊರಟರು. ತಮ್ಮ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

“ಹೊಂದಿತ್ತು ಸರ್,” ಅಂದ. “ಅಕ್ಕ ಕೊಡ್ತೀನಿ ಅಂತಾನೇ ಅಂದ್ಲು. ನಾನೇ ಬೇಡ ಅಂದೆ. ಅದನ್ನ ನಿಮ್ಮ ಮುಂದೆ ಹೇಳೋಕೆ ಅವಳಿಗೆ ಸಂಕೋಚ.”

ಯಾಕ್ರೀ ಬೇಡ ಅಂದ್ರಿ ಎಂದು ಅಧಿಕಾರಿ ಬೆರಗಾದರು. ತಮ್ಮ ನಕ್ಕ, ಗಿರಾಕಿಗಳ ಹತ್ತಿರ ನಗುವ ನಗು.

“ಚಿಕ್ಕೋನಿದ್ದಾಗಿಂದ ಅವಳ ಹತ್ರ ತಗೊಂಡು ತಗೊಂಡೇ ಬೆಳೆದೋನು ನಾನು. ಎಲ್ಲಾದ್ರೂ ಒಂದ್ಕಡೆ ಸಾಕು ಅನ್ನಬೇಕಲ್ಲ. ಆ ಜಾಗ ದರ್ಜಿಯಮ್ಮನಿಗೇ ಕೊಟ್ಟುಬಿಡಿ.”

ಅವಳಿಗೆ ಎದ್ದು ನಿಲ್ಲಬೇಕೆನಿಸಿತು. ಎದ್ದು ಎಲ್ಲಿಗೆ ಹೋಗುವುದು? ಸುಳ್ಳು ಹೇಳ್ತಿದಾನೆ ಎನ್ನುವುದೇ? ಅವನು ಆಡಿದ್ದರಲ್ಲಿ ಅರ್ಧ ನಿಜ, ಇನ್ನರ್ಧವನ್ನು ಅವಳಿಗೆಂದು ಹೊಲಿದು ತಂದಿದ್ದ, ಅದು ಅವಳ ಅಳತೆಗೆ ಎಷ್ಟೋ ದೊಡ್ಡದಾಗಿತ್ತು. ಅಧಿಕಾರಿ ಅವಳತ್ತ ನೋಡಿದ ನೋಟದಲ್ಲಿ ಗೌರವವಿತ್ತು. ನಿಮ್ಮಂಥೋರು ಇರ್ತಾರೆ ಅಂತ ಕೇಳಿದ್ದೆ ಎಂದು ತಾವೇ ಎದ್ದು ಬಾಗಿಲು ತೆಗೆದರು. ಡಾಕ್ಟರಮ್ಮ ಕಿಟಕಿಯಿಂದ ತಿರುಗಲಿಲ್ಲ. ಅವರ ಹೆಗಲುಗಳು ಮಾತ್ರ ಒಮ್ಮೆ ಏರಿ ಇಳಿದವು. ಅವಳ ಮುಂದಿದ್ದ ಎರಡು ಕಪ್ಪು ಚಹಾ ಹಾಗೇ ಕೆನೆಗಟ್ಟಿತ್ತು.

ಹೊರಗೆ ಸುದ್ದಿ ತಿಳಿದು ಒಂದಷ್ಟು ಜನ ಚಪ್ಪಾಳೆ ತಟ್ಟಿದರು. ಒದ್ದೆ ಕೈಗಳಿಂದ ಸದ್ದೇ ಹುಟ್ಟಲಿಲ್ಲ. ಪೀಟಿ ಮೇಷ್ಟ್ರು ಒಂದಾದ್ರೂ ಉಳೀತಲ್ಲ, ಪೂರ್ತಿ ಸೋತಿಲ್ಲ ಎಂದು ಎಲ್ಲರ ಬಳಿಯೂ ಹೋಗಿ ಹೇಳಿದರು, ಆಮೇಲೆ ಡೇರೆ ಬಿಚ್ಚಲು ಶುರು ಮಾಡಿದರು. ದರ್ಜಿಯಮ್ಮ ತಮ್ಮನ ಎದುರು ಬಂದು ನಿಂತಳು. ಹೊಲಿಯುತ್ತಿದ್ದ ರೇನ್‌ಕೋಟನ್ನು ಅವನ ಹೆಗಲಿಗೆ ಹಾಕಿ, ಇನ್ನೂ ಒಂದು ತೋಳು ಬಾಕಿ ಇದೆ, ಆದ್ರೂ ಹಾಕ್ಕೋ ಎಂದಳು. ತಮ್ಮನ ಹೆಂಡತಿಗೆ ಅವನೇ ಹೇಳಿದ, ಇಲ್ಲಿ ನನಗೆ ಜಾಗ ಸಿಗಲಿಲ್ಲ ಎಂದಷ್ಟೇ. ಅವಳು ಗಂಡನನ್ನು ಏನೂ ಕೇಳಲಿಲ್ಲ. ನಿಂತಲ್ಲಿಂದಲೇ ತಿರುಗಿದಳು.

“ನೀವೂ ಒಳಗೆ ಇದ್ರಿ ಅಲ್ವಾ ಅತ್ತಿಗೆ. ಏನೂ ಹೇಳಲಿಲ್ವಾ?”

ಹೇಳಿದೆ ಎಂದಳು ಅವಳು. ತಮ್ಮನ ಹೆಂಡತಿ ಇನ್ನೂ ಏನೋ ಬರುತ್ತದೆಂದು ಕಾದಳು. ಆಮೇಲೆ ಅಂಚೆ ಕಚೇರಿಗೆ ಹೊತ್ತಾಯಿತೆಂದು, ಫ್ಲಾಸ್ಕನ್ನು ಎದೆಗೆ ಅವುಚಿಕೊಂಡು, ಮಳೆಯಲ್ಲಿ ತಲೆ ತಗ್ಗಿಸಿ ಹೊರಟುಹೋದಳು.

ನಾಳಿದ್ದಿನಿಂದಲೇ ಹೋಗಿಬರಬೇಕು, ಮೊದಲ ಬಸ್ಸು ಯಾವಾಗ ವಿಚಾರಿಸಿಕೊಂಡು ಹೋಗೋಣ ಎಂದ ತಮ್ಮ. ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು. ಚರಂಡಿ ಕಟ್ಟಿಕೊಂಡು ರಸ್ತೆಯೆಲ್ಲ ನೀರು; ಅಂಗಡಿಗಳ ದೀಪ ಹಗಲಲ್ಲೇ ಹತ್ತಿ ಆ ನೀರಿನಲ್ಲಿ ಅಲ್ಲಾಡುತ್ತಿತ್ತು. ಅವನು ಪ್ರತಿ ದೀಪದ ಕಂಬದ ಬಳಿಯೂ ನಿಂತು ಉಸಿರು ತೆಗೆದುಕೊಳ್ಳುವನು, ಅವಳೂ ನಿಲ್ಲುವಳು. ಯಾವಾಗ ಗೊತ್ತಾಯ್ತು ನಿಂಗೆ ಎಂದು ಒಂದು ಕಡೆ ನಿಂತಾಗ ಕೇಳಿಯೇಬಿಟ್ಟಳು. ಅವನು ನೀರನ್ನೇ ನೋಡುತ್ತಿದ್ದ.

“ಅವತ್ತೇ. ಅದಕ್ಕೆ ಮುಂಚೆ ಎಷ್ಟು ದಿನದಿಂದ ನೀನು ಅನ್ನ ಮುಟ್ಟಿರಲಿಲ್ಲ, ನೆನಪಿದೆಯಾ? ಹೊಂದಲಿಲ್ಲ ಅಂತ ಹೇಳಿದ ದಿನ ಮನೆಗೆ ಬಂದು ಕೂತು ಉಂಡೆ. ಎರಡು ಸಲ ಬಡಿಸ್ಕೊಂಡೆ.” ದೀಪದ ಕಂಬ ಹಿಡಿದು ಉಸಿರು ತೆಗೆದುಕೊಂಡು ಮತ್ತೆ ಹೇಳಿದ. “ಸಿಟ್ಟು ಬಂದಿತ್ತು ಅಕ್ಕಾ. ಇಲ್ಲ ಅನ್ನಲ್ಲ. ಆಮೇಲೆ ಮಿಷಿನ್ನಿಗೆ ಸಿಕ್ಕಿಸ್ಕೊಂಡು ಮಲಗಿರ್ತೀನಲ್ಲ, ಮಾಡೋಕೆ ಬೇರೆ ಕೆಲಸ ಇರಲ್ಲ. ನಾನಾಗಿದ್ರೆ ನಿನಗೆ ಕೊಡ್ತಿದ್ನಾ ಅಂತ ಕೇಳ್ಕೊಂಡೆ. ದಿನಾ ಕೇಳ್ಕೋತೀನಿ. ಇನ್ನೂ ಉತ್ತರ ಸಿಕ್ಕಿಲ್ಲ.”

ಉಂಡಿದ್ದೆನೇ? ಅವಳಿಗೆ ಅದು ನೆನಪೇ ಇರಲಿಲ್ಲ. ಈಗ ತಟ್ಟೆ ಕಣ್ಣಿಗೆ ಕಟ್ಟಿತು, ಕೈ ಕಂಡಿತು, ಹಸಿವು ಕಂಡಿತು. ಎದುರಿಗೆ ಕೂತು ಅದನ್ನೆಲ್ಲ ನೋಡುತ್ತಿದ್ದ ಅವನ ಮುಖವೊಂದು ಕಾಣಲಿಲ್ಲ. ಆ ಹೊತ್ತು ಅವಳು ಅವನ ಮುಖ ನೋಡಿಯೇ ಇರಲಿಲ್ಲವಲ್ಲ. ಕೊಡ್ತೀನಿ ಎನ್ನಬೇಕು. ಈಗ, ಇಲ್ಲಿ, ಈ ನೀರಿನಲ್ಲಿ ನಿಂತು. ಬಾಯಿ ತೆರೆದಳು. ಒಳಗೆ ಆ ಹಟದ ಮಗು ಎಚ್ಚರವಾಗಿಯೇ ಇತ್ತು, ಕೈ ಸಡಿಲಿಸಿರಲಿಲ್ಲ. ಟೋಪಿ ಸರಿಯಾಗಿ ಎಳ್ಕೋ, ಕಿವಿಗೆ ಗಾಳಿ ಹೋಗುತ್ತೆ ಎಂದಳು. ಎಳೆದುಕೊಂಡ.

ಆಚೆ ಬದಿಗೆ ದಾಟಬೇಕಿತ್ತು. ದೊಡ್ಡ ಲಾರಿಯೊಂದು ಅಲೆ ಎಬ್ಬಿಸಿಕೊಂಡು ಬಂತು; ಅವನು ಅದನ್ನು ನೋಡದೆ ಕಾಲಿಟ್ಟಿದ್ದ. ಅವಳು ಗಕ್ಕನೆ ಅವನ ಎಡ ತೋಳನ್ನು ಹಿಡಿದು ಹಿಂದಕ್ಕೆಳೆದಳು. ಹೊಲಿಗೆ ಮುಗಿಯದ ರೇನ್‌ಕೋಟಿನ ತೋಳು ಬಾಯಿ ಬಿಟ್ಟಿತ್ತು, ಅವಳ ಕೈ ನೇರ ಅವನ ಚರ್ಮದ ಮೇಲೆ ಬಿತ್ತು. ಡಯಾಲಿಸಿಸ್ಸಿನ ಸೂಜಿಗೆ ಜಾಗವಾಗಲೆಂದು ಡಾಕ್ಟರು ಒಳಗೆ ರಕ್ತನಾಳಗಳನ್ನು ಒಂದಕ್ಕೊಂದು ಜೋಡಿಸಿ ಹೊಲಿದಿದ್ದ ಕೈ ಅದು. ಇಷ್ಟು ದಿನ ಅವಳು ಅದನ್ನು ಮುಟ್ಟಿರಲಿಲ್ಲ, ನೋಡುವುದನ್ನೂ ತಪ್ಪಿಸಿದ್ದಳು. ಊದಿಕೊಂಡು ಹಗ್ಗದಷ್ಟು ದಪ್ಪವಾದ ಆ ನಾಳ ಅವಳ ಮರಗಟ್ಟಿದ ಅಂಗೈಯ ಕೆಳಗೆ ಗುಂಯ್‌ಗುಡುತ್ತಿತ್ತು. ನಾಡಿ ಬಡಿಯುವ ಹಾಗಲ್ಲ, ಬಿಡುವಿಲ್ಲದೆ, ಜೇನುಗೂಡಿಗೆ ಕೈಯಿಟ್ಟ ಹಾಗೆ. ಅಷ್ಟು ಜೋರಾಗಿ ಅವನೊಳಗೆ ರಕ್ತ ಓಡುತ್ತಿತ್ತು. ಅವಳಿಗೆ ಬಿಡಲು ತೋಚಲಿಲ್ಲ.

“ಆ ಕೈ ಹಿಡೀಬಾರ್ದು ಅಕ್ಕಾ,” ಅಂದ ಅವನು, ಮೆಲ್ಲಗೆ. “ಈ ಕಡೆ ಬಾ.”

ಅವಳು ಬಿಟ್ಟಳು. ಅವನ ಹಿಂದಿನಿಂದ ಸುತ್ತಿಕೊಂಡು ಬಲಗಡೆಗೆ ಬಂದು, ಅವನು ಚಾಚಿದ ಇನ್ನೊಂದು ಕೈಯನ್ನು ಹಿಡಿದುಕೊಂಡಳು. ಅದು ತಣ್ಣಗಿತ್ತು, ಸದ್ದಿರಲಿಲ್ಲ. ನೀರು ಮೊಣಕಾಲಿನವರೆಗೆ ಬಂತು. ಲಾರಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು, ಮಳೆ ಹೊಡೆಯುತ್ತಲೇ ಇತ್ತು, ದಾಟಲು ಎಡೆ ಸಿಗಲೆಂದು ಇಬ್ಬರೂ ರಸ್ತೆಯ ಅಂಚಿನಲ್ಲಿ ಕಾಯುತ್ತ ನಿಂತರು.